ಮೊದಲ ಚಮಚ ಯಾರದು

ರಾಚೆಸ್ಟರ್ ಹಿಲ್ಸ್‌ನ ನಮ್ಮ ಚಂದ್ರಮೌಳಿಯವರಿಗೆ ಮೂರು ವಯಸ್ಸು. ಮೂರೂ ಅವರವೇ, ಯಾವುದನ್ನೂ ಎಲ್ಲಿಂದಲೂ ಕದ್ದು ತಂದದ್ದಲ್ಲ.

ಮೊದಲನೆಯದು ತಾಯಿ ಕೊಟ್ಟದ್ದು: 1950ನೇ ಇಸವಿ, ವಿಕೃತಿ ಸಂವತ್ಸರದ ಭಾದ್ರಪದ, ಗೌರಿ ಹಬ್ಬದ ಬೆಳಗು, ನಂಜನಗೂಡು. ಎರಡನೆಯದು ಪ್ರೈಮರಿ ಸ್ಕೂಲಿನ ಹೆಡ್‌ಮಾಸ್ತರು ಕೊಟ್ಟದ್ದು. ಹುಡುಗ ಮುಂದೆ ಸರ್ಕಾರಿ ಕೆಲಸಕ್ಕೆ ಸೇರಿದರೆ ಎರಡು ವರ್ಷ ಹೆಚ್ಚಿಗೆ ಸರ್ವೀಸ್ ಇರಲಿ ಎಂಬ ದೂರದೃಷ್ಟಿಯಿಂದ ಅವರ ತಂದೆ ಎದುರಿಗೆ ನಿಂತು ಬರೆಸಿದ್ದು: ಜೂನ್ ಒಂದು, 1952. ಆ ಕಾಲದ ಮೈಸೂರು ಸೀಮೆಯಲ್ಲಿ ಜೂನ್ ಒಂದಕ್ಕೆ ಹುಟ್ಟಿದವರನ್ನೆಲ್ಲ ಲೆಕ್ಕ ಹಾಕಿದರೆ, ಆ ಒಂದು ದಿನ ಸೂಲಗಿತ್ತಿಯರು ಊಟಕ್ಕೂ ಕೂತಿರಲಾರರು. ಹುಡುಗ ಸರ್ಕಾರಿ ಕೆಲಸಕ್ಕೆ ಸೇರಲಿಲ್ಲ. ಕಾರಿನ ಬಾಗಿಲ ಕೀಲು ಡಿಸೈನ್ ಮಾಡುತ್ತ ಮಿಶಿಗನ್‌ಗೆ ಬಂದ. ತಂದೆ ಉಳಿಸಿಕೊಟ್ಟ ಎರಡು ವರ್ಷವೂ ಪಾಸ್‌ಪೋರ್ಟಿನೊಳಗೆ ಕೂತು ಜೊತೆಗೇ ಬಂತು.

ಮೂರನೆಯ ವಯಸ್ಸನ್ನು ಕೊಟ್ಟವರು ಕೊರಿಯಾದವರು. ಗಲಾಟೆಯೆಲ್ಲ ಅದರಿಂದಲೇ.

ಚಂದ್ರಮೌಳಿಯವರಿಗೆ ಹಿರಿತನವೆಂದರೆ ಪ್ರೀತಿ. ಕನ್ನಡ ಕೂಟದ ಕಾರ್ಯಕ್ರಮದಲ್ಲಿ ದೀಪ ಬೆಳಗುವ ಹೊತ್ತಿಗೆ ಅವರು ಹೇಗೋ ಬೆಂಕಿಪೊಟ್ಟಣದ ಪಕ್ಕದಲ್ಲೇ ನಿಂತಿರುತ್ತಾರೆ. ಯಾರಾದರೂ "ಹಿರಿಯರಾದ ಚಂದ್ರಮೌಳಿಯವರು" ಎಂದರೆ ಸಾಕು, "ಅಯ್ಯೋ ನಾನ್ಯಾಕೆ" ಎನ್ನುತ್ತ ಕಡ್ಡಿ ಗೀರಿಬಿಡುತ್ತಾರೆ. ಮನೆಯಲ್ಲಿ ಮಾತ್ರ ಈ ಗೌರವಕ್ಕೆ ಬೆಲೆಯಿರಲಿಲ್ಲ. ಅವರು ಊಟದ ಮೇಜಿನಲ್ಲಿ ಸಂಸ್ಕಾರದ ವಿಷಯ ಎತ್ತಿದರೆ ಮಗಳು ಮೈತ್ರೇಯಿ "ವಾಟೆವರ್, ಅಪ್ಪ" ಎಂದು ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋಗುತ್ತಿದ್ದಳು. ಹೆಂಡತಿ ಪದ್ಮಜಾ "ಮಜ್ಜಿಗೆ ಹಾಕ್ಲಾ?" ಎಂದು ಕೇಳುತ್ತಿದ್ದರು. ಅಲ್ಲಿಗೆ ಸಂಸ್ಕಾರ ಮುಗಿಯುತ್ತಿತ್ತು.

2004ರ ಜನವರಿಯಲ್ಲಿ, ಹಳೆಯ ಕಂಪನಿ ಕೈಬಿಟ್ಟ ಮೇಲೆ, ಅವರು ಎಮ್-59 ಹೆದ್ದಾರಿಯ ಪಕ್ಕದ ಒಂದು ಕೊರಿಯನ್ ಕಂಪನಿಗೆ ಸೇರಿದರು. ಕೀಲಿನ ಡಿಸೈನ್ ಟೀಮಿಗೆ ಇವರು ಹೆಡ್. ಪಕ್ಕದ ಕ್ವಾಲಿಟಿ ಟೀಮಿಗೆ ಉಲ್ಸಾನ್ ಊರಿನಿಂದ ಬಂದ ಮಿಸ್ಟರ್ ಶಿನ್ ಹೆಡ್. ಮೊದಲ ದಿನ ಟ್ರಾಯ್‌ನ ಒಂದು ಕೊರಿಯನ್ ಹೋಟೆಲಿನಲ್ಲಿ ಎಲ್ಲರಿಗೂ ಊಟ. ಕೂತು ಇನ್ನೂ ನ್ಯಾಪ್‌ಕಿನ್ ಬಿಚ್ಚಿಲ್ಲ, ಶಿನ್ ಕೇಳಿದರು. (ಆಡಿದ್ದೆಲ್ಲ ಇಂಗ್ಲಿಷಿನಲ್ಲೇ. ಇಬ್ಬರ ಇಂಗ್ಲಿಷನ್ನೂ ನಾನು ಕೇಳಿದ್ದೇನೆ, ಕನ್ನಡದಲ್ಲಿ ಕೊಡುವುದೇ ಮೇಲು.)

"ಮಿಸ್ಟರ್ ಚಂದ್ರ, ನಿಮಗೆ ವಯಸ್ಸೆಷ್ಟು?"

ಎದುರಿಗಿದ್ದ ಎಚ್.ಆರ್. ವಿಭಾಗದ ಡೋರೀನ್‌ಗೆ ನೀರು ನೆತ್ತಿಗೇರಿತು. "ಮಿಸ್ಟರ್ ಶಿನ್, ಈ ದೇಶದಲ್ಲಿ ಆ ಪ್ರಶ್ನೆ ಕೇಳೋ ಹಾಗಿಲ್ಲ. ಕಾನೂನು ಇದೆ."

"ಕೇಳದೆ ಊಟ ಶುರು ಮಾಡೋದು ಹೇಗೆ?" ಎಂದರು ಶಿನ್, ನಿಜವಾಗಿಯೂ ಕಂಗಾಲಾಗಿ.

ಅವರ ಕಷ್ಟ ಇದು: ಅವರ ಕಡೆ ಊಟದ ಮೇಜಿನಲ್ಲಿ ಎಲ್ಲರಿಗಿಂತ ದೊಡ್ಡವರು ಬಾಗಿಲಿನಿಂದ ದೂರದ ಒಳಗಿನ ಕುರ್ಚಿಯಲ್ಲಿ ಕೂರಬೇಕು. ಚಿಕ್ಕವರು ಎರಡೂ ಕೈಯಲ್ಲಿ ಹಿಡಿದು ಅವರ ಲೋಟಕ್ಕೆ ಬಗ್ಗಿಸಬೇಕು. ತಾವು ಕುಡಿಯುವಾಗ ಮುಖ ಅತ್ತ ತಿರುಗಿಸಬೇಕು. ಎಲ್ಲಕ್ಕಿಂತ ಮುಖ್ಯ, ದೊಡ್ಡವರು ಚಮಚ ಎತ್ತುವ ತನಕ ಬೇರೆ ಯಾರೂ ಚಮಚ ಮುಟ್ಟುವಂತಿಲ್ಲ. ಇನ್ನು ವಯಸ್ಸನ್ನು ಅವರು ಎಣಿಸುವ ರೀತಿಯೇ ಬೇರೆ. ಮಗು ಹುಟ್ಟುವಾಗಲೇ ಒಂದು ವರ್ಷ. ಆಮೇಲೆ ಪ್ರತಿ ಹೊಸ ವರ್ಷಕ್ಕೆ ಊರಿಗೆ ಊರೇ ಒಟ್ಟಿಗೆ ಒಂದು ವರ್ಷ ದೊಡ್ಡದಾಗುತ್ತದೆ. ಚಂದ್ರಮೌಳಿಯವರಿಗೆ ಇದು ಬಹಳ ನ್ಯಾಯವಾಗಿ ಕಂಡಿತು. ಹೊಟ್ಟೆಯೊಳಗಿದ್ದದ್ದೂ ಇದ್ದ ಹಾಗೇ ತಾನೆ.

ಆದರೆ ನಲವತ್ತು ವರ್ಷದ ಅಭ್ಯಾಸಬಲ. ಬಾಯಿಗೆ ಬಂದದ್ದು ಹೆಡ್‌ಮಾಸ್ತರ ಇಸವಿ. "ನಾನು ಐವತ್ತೆರಡು."

ಶಿನ್ ಮುಖ ಅರಳಿತು. "ನಾನು ಐವತ್ತೊಂದು. ಮೊಲದ ವರ್ಷ. ಕಾಗದದಲ್ಲಿ ಐವತ್ಮೂರು ಅಂತಿದೆ. ಯುದ್ಧದ ಕಾಲ ನೋಡಿ, ಮಕ್ಕಳು ಉಳೀತಿರಲಿಲ್ಲ. ಉಳಿಯುತ್ತಾ ನೋಡೋಣ ಅಂತ ಅಪ್ಪ ಎರಡು ವರ್ಷ ತಡೆದು ಬರೆಸಿದ್ರು." ಹಾಗೆಂದು ತಮ್ಮ ಲೋಟವನ್ನು ಚಂದ್ರಮೌಳಿಯವರ ಕಡೆಗೆ ಸರಿಸಿದರು. ಬಗ್ಗಿಸು ಎಂದು.

ಚಂದ್ರಮೌಳಿಯವರು ಬಗ್ಗಿಸಿದರು. ತಮಗಿಂತ ಒಂದು ವರ್ಷ ಚಿಕ್ಕವನ ಲೋಟಕ್ಕೆ, ಎರಡೂ ಕೈಯಿಂದ, ಬಾರ್ಲಿ ನೀರು. ಕೆಲವು ವಾರ ಹೀಗೇ ನಡೆಯಿತು. ಬಾಗಿಲು ಹಿಡಿಯುವುದು ಇವರು, ಒಳಗಿನ ಕುರ್ಚಿ ಅವರದು. ಬಾಗಿಲಿನ ಗಾಳಿ ಬೆನ್ನಿಗೆ ಹೊಡೆಯುತ್ತಿತ್ತು. ಮಿಶಿಗನ್ನಿನ ಜನವರಿ, ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಕೊನೆಗೊಂದು ಬೆಳಿಗ್ಗೆ ಅವರು ಶಿನ್ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿ, ಸ್ಪೀಕರ್ ಫೋನಿನಲ್ಲಿ ಮೈಸೂರಿಗೆ, ಅಕ್ಕ ವಿಶಾಲಕ್ಕನಿಗೆ ಫೋನ್ ಹಚ್ಚಿದರು.

"ಅಕ್ಕಾ, ನಾನು ಹುಟ್ಟಿದ್ದು ಯಾವ ಸಂವತ್ಸರ?"

"ದೀಪ ಹಚ್ಚೋ ಹೊತ್ತಲ್ಲಿ ಇದೇನೋ? ಜಾತಕ ಯಾರು ಕೇಳಿದ್ರು? ಮೈತ್ರೇಯಿಗೆ ಗಂಡು ಬಂತಾ?"

"ಅವಳಿನ್ನೂ ಹೈಸ್ಕೂಲು ಅಕ್ಕಾ. ನಂದು ಹೇಳು."

"ವಿಕೃತಿ. ಮರೆಯೋಕಾಗತ್ತಾ? ಸರಿಯಾಗಿ ಗೌರಿ ಹಬ್ಬದ ದಿನ ಹುಟ್ಟಿದೆ. ಮನೆಗೆಲ್ಲ ಪುರುಡು. ಮಾರನೇ ದಿನ ಗಣಪತಿ ಕೂರಿಸಲಿಲ್ಲ, ಪೂಜೆ ಇಲ್ಲ, ಏನಿಲ್ಲ. ನಾನು ಏಳು ವರ್ಷದೋಳು, ಲಂಗ ಉಟ್ಕೊಂಡು ಬಾಗಿಲಲ್ಲಿ ನಿಂತು ಅಳ್ತಾ ಇದ್ದೆ. ಇಡೀ ಬೀದೀಲಿ ಎಲ್ಲರ ಮನೇಲೂ ಕಡುಬು. ನಮ್ಮನೇಲಿ ನೀನು."

ಶಿನ್‌ಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಆ ದನಿಯನ್ನು ಅವರು ಗಮನವಿಟ್ಟು ಕೇಳಿದರು. "ಇಷ್ಟು ಕೋಪ ಸುಳ್ಳಿಗೆ ಬರೋದಿಲ್ಲ" ಎಂದರು. ಚಂದ್ರಮೌಳಿಯವರು ಇಸವಿ ಹೇಳಿದ ಮೇಲೆ ಬೆರಳೆಣಿಸಿದರು. "ಐವತ್ತು. ಹುಲಿ." ಕುರ್ಚಿಯಿಂದ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಸೊಂಟ ಬಾಗಿಸಿ ನಮಸ್ಕರಿಸಿದರು. "ಹ್ಯೊಂಗ್‌ನಿಮ್."

ಅಣ್ಣಾವ್ರೇ, ಎಂದು.

ಚಂದ್ರಮೌಳಿಯವರ ಬಾಳಿನ ಸುವರ್ಣಯುಗ ಶುರುವಾದದ್ದು ಹೀಗೆ. ಒಳಗಿನ ಕುರ್ಚಿ ಅವರದಾಯಿತು. ಅವರು ಕೆಮ್ಮಿದರೆ ಬಾರ್ಲಿ ನೀರು ಬರುತ್ತಿತ್ತು. ಅವರು ಚಮಚ ಎತ್ತುವ ಮುಂಚೆ ಸುಮ್ಮನೆ ಒಂದು ಗಳಿಗೆ ತಡೆಯುತ್ತಿದ್ದರು, ಏಳೆಂಟು ಜನ ಇಂಜಿನಿಯರುಗಳು ಉಸಿರು ಹಿಡಿದು ಕಾಯುವುದನ್ನು ನೋಡಲಿಕ್ಕೆ. ಅವರ ಟೀಮಿನ ಪ್ರಕಾಶ್ ನನಗೆ ಹೇಳಿದ್ದು: "ಆ ಟೈಮಲ್ಲಿ ಸರ್ ಮುಖ ನೋಡಬೇಕು ನೀವು. ನಿಶ್ಚಿತಾರ್ಥದ ಹುಡುಗಿ ಥರ."

ಇಬ್ಬರಲ್ಲೂ ಅರವತ್ತು ವರ್ಷದ ಚಕ್ರವಿದೆ ಎಂದು ಗೊತ್ತಾದ ಮೇಲಂತೂ ಸಂಬಂಧ ಬೆಸೆದೇ ಹೋಯಿತು. ನಮ್ಮದು ಪ್ರಭವ, ವಿಭವ. ಅವರದ್ದರಲ್ಲಿ ಇಲಿ, ಎತ್ತು, ಹುಲಿ, ಮೊಲ. ಚಕ್ರ ಒಂದು ಸುತ್ತು ಬಂದಾಗ ನಮ್ಮಲ್ಲಿ ಷಷ್ಟ್ಯಬ್ದಿ, ಅವರಲ್ಲಿ ಹ್ವಾನ್‌ಗಾಪ್ ಎಂಬ ದೊಡ್ಡ ಔತಣ. "ಮೊದಲು ನಿಮ್ಮದು, 2010ಕ್ಕೆ. ನಾನು ಬಂದು ನೋಡ್ತೀನಿ. ಮಾರನೇ ವರ್ಷ ನಂದು. ಅಣ್ಣಂದು ಆಗದೆ ತಮ್ಮಂದು ಮಾಡೋ ಹಾಗಿಲ್ಲ" ಎಂದು ಶಿನ್ ಆಗಲೇ ಗೊತ್ತುಮಾಡಿದರು.

ಹೊಸದಾಗಿ ಮತಾಂತರವಾದವರ ಹುಮ್ಮಸ್ಸಿನಲ್ಲಿ ಚಂದ್ರಮೌಳಿಯವರು ಇದನ್ನು ಕನ್ನಡ ಕೂಟಕ್ಕೂ ತಂದರು. ಯುಗಾದಿ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತಿನ ಸಾಲಿನ ಮುಂದೆ ನಿಂತು "ನೀವು ಯಾವ ಸಂವತ್ಸರ?" ಎಂದು ಒಬ್ಬೊಬ್ಬರನ್ನೂ ವಿಚಾರಿಸತೊಡಗಿದರು, ದೊಡ್ಡವರು ಮುಂದೆ ಬರಲಿ ಎಂದು. ಕಾರ್ ರಿಪೇರಿ ಅಂಗಡಿ ಇಟ್ಟಿರುವ ಹುಬ್ಬಳ್ಳಿಯ ನಜೀಬ್ ಸಿಕ್ಕಿಬಿದ್ದರು.

"ನಮ್ಮ ಅಮ್ಮಾಗ ಕೇಳಿದ್ರ ಕೆರಿ ಒಡದ ವರ್ಷ ಅಂತಾಳ್ರೀ. ಸಾಲ್ಯಾಗ ಜೂನ್ ಒಂದು ಬರದಾರ."

"ನಿಮ್ಮದೂ ಜೂನ್ ಒಂದಾ?"

"ಯಾರದಲ್ರೀ? ಅಂದಂಗ, ನಂದು ನಿಮಗಿಂತ ದೊಡ್ಡದಾತಂದ್ರ ಪ್ಲೇಟ್ ನೀವ ತಂದುಕೊಡ್ತೀರೋ ಹೆಂಗ?"

ಚಂದ್ರಮೌಳಿಯವರು ಕೆರೆ ಒಡೆದ ವರ್ಷದ ಬಗ್ಗೆ ಹೆಚ್ಚು ಕೆದಕಲಿಲ್ಲ.

ಆ ಬೇಸಿಗೆಯಲ್ಲಿ ಶಿನ್ ಸಂಸಾರ ಇವರ ಮನೆಗೆ ಊಟಕ್ಕೆ ಬಂತು. ನಾವೂ ಇದ್ದೆವು. ಶಿನ್ ಚಪಾತಿಯನ್ನು ಎರಡೂ ಕೈಯಲ್ಲಿ ಸ್ವೀಕರಿಸಿದ್ದು ನೋಡಿ ಪದ್ಮಜಾ ಅವರಿಗೆ ಇನ್ನೆರಡು ಹಾಕಿದರು. ಮಾತು ಶಿನ್ ಅವರ ಊರಿಗೆ ತಿರುಗಿತು. ಅವರು ಚಿಕ್ಕವರಿದ್ದಾಗ ಅಕ್ಕಿ ಕಂಡದ್ದು ಹಬ್ಬಕ್ಕೆ ಮಾತ್ರವಂತೆ, ಉಳಿದ ದಿನ ಬಾರ್ಲಿ. ಈಗ ಅದೇ ಹೊಲದ ಮೇಲೆ ಇಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟುಗಳು. ಅಪ್ಪನ ಸಮಾಧಿ ಗುಡ್ಡಕ್ಕೆ ಹೋಗಲು ಈಗ ಎಕ್ಸಿಟ್ ನಂಬರ್ ಹೇಳಬೇಕು. 97ರಲ್ಲಿ ದೇಶ ದಿವಾಳಿ ಅಂಚಿಗೆ ಬಂದಾಗ ಜನ ಸಾಲುಗಟ್ಟಿ ನಿಂತು ಬಂಗಾರ ತಂದು ಕೊಟ್ಟರಂತೆ. ಮಿಸೆಸ್ ಶಿನ್ ಮಕ್ಕಳ ಮೊದಲ ಹುಟ್ಟುಹಬ್ಬದ ಉಂಗುರ, ತಮ್ಮ ಮದುವೆಯ ಉಂಗುರ ಎರಡನ್ನೂ ಕೊಟ್ಟಿದ್ದರು.

ಪದ್ಮಜಾ ಅವರ ಬಲಗೈ ತಾನಾಗಿ ಎಡಗೈ ಬಳೆಯ ಮೇಲೆ ಹೋಯಿತು. "ದೇಶಕ್ಕಾ? ಬಿಚ್ಚಿ ಕೊಟ್ರಾ?" ಎಂದು ನಮ್ಮ ಮನೆಯವಳ ಕಿವಿಯಲ್ಲಿ ಕನ್ನಡದಲ್ಲಿ ಕೇಳಿದರು. "ನಮ್ಮೆಜಮಾನ್ರು ಕೇಳಿದ್ರೂ ಕೊಡಲ್ಲಪ್ಪ ನಾನು."

"ಕೊಟ್ಟ ಮರುವರ್ಷ ನಮ್ಮ ಕಂಪನಿಯಲ್ಲಿ ಅರ್ಧ ಜನರನ್ನ ತೆಗೆದ್ರು" ಎಂದರು ಶಿನ್, ಚಪಾತಿ ಹರಿಯುತ್ತ. ಏನೋ ಹವಾಮಾನ ಹೇಳಿದ ಹಾಗೆ. ಅವತ್ತು ನಾವ್ಯಾರೂ ಆ ಮಾತನ್ನು ಹಿಡಿದುಕೊಳ್ಳಲಿಲ್ಲ. ಪಾಯಸ ಬಂತು.

ಆ ಮಾತು ಮಿಶಿಗನ್ ತಲುಪಿದ್ದು ಮುಂದಿನ ವರ್ಷ, 2005ರ ವಸಂತದಲ್ಲಿ. ಸಿಯೋಲ್‌ನ ಹೆಡ್ ಆಫೀಸಿನಿಂದ ಮಿಸ್ ಹಾ ಎಂಬಾಕೆ ಬಂದಳು. ವಯಸ್ಸು ಮೂವತ್ತಮೂರೋ ಏನೋ, ಡೋರೀನ್ ಕೇಳಗೊಡಲಿಲ್ಲ. ಆಕೆ ಬರುವ ಮುಂಚೆ ಒಂದು ಈಮೇಲ್ ಬಂದಿತ್ತು: ಇನ್ನು ಮೇಲೆ ಕಂಪನಿಯಲ್ಲಿ ಪದವಿಯ ಹೆಸರುಗಳಿಲ್ಲ. ಅಧ್ಯಕ್ಷರಿಂದ ಹಿಡಿದು ಎಲ್ಲರನ್ನೂ ಹೆಸರಿಗೆ 'ನಿಮ್' ಸೇರಿಸಿ ಕರೆದರೆ ಸಾಕು, ನಮ್ಮ 'ಅವರೇ' ಇದ್ದ ಹಾಗೆ. ಶಿನ್ 'ಬುಜಾಂಗ್' ಅಂದರೆ ಡಿಪಾರ್ಟ್‌ಮೆಂಟ್ ಹೆಡ್ ಎನಿಸಿಕೊಳ್ಳಲು ಇಪ್ಪತ್ತು ವರ್ಷ ಹಿಡಿದಿತ್ತು. ಅದು ಹೋಗಲು ಒಂದು ಈಮೇಲ್ ಸಾಕಾಯಿತು. ಅವತ್ತಿಡೀ ಅವರು ತಮ್ಮ ವಿಸಿಟಿಂಗ್ ಕಾರ್ಡನ್ನು ಮೇಜಿನ ಮೇಲೆ ತಿರುಗಿಸಿ ಮುರುಗಿಸಿ ನೋಡುತ್ತಿದ್ದರೆಂದು ಪ್ರಕಾಶ್ ಹೇಳಿದ.

ಸಂಜೆ ಪಾರ್ಕಿಂಗ್ ಲಾಟಿನಲ್ಲಿ ಶಿನ್ ಚಂದ್ರಮೌಳಿಯವರಿಗೆ ವಿಷಯ ಒಡೆದರು. "ಎರಡು ಟೀಮನ್ನ ಒಂದು ಮಾಡ್ತಾರೆ, ಹ್ಯೊಂಗ್‌ನಿಮ್. ಒಬ್ಬನೇ ಹೆಡ್."

"ಇನ್ನೊಬ್ಬ?"

"ಮನೆಗೆ. ಸಿಯೋಲ್‌ನಲ್ಲಿ ಈಗ ಒಂದು ಜೋಕ್ ಇದೆ. ನಲವತ್ತೈದಾದ್ರೆ ರಿಟೈರ್ ಆಗಬೇಕು. ಐವತ್ತಾರಕ್ಕೂ ಆಫೀಸಿಗೆ ಹೋಗೋವ್ನು ಕಳ್ಳ." ಶಿನ್ ನಗಲು ಶುರುಮಾಡಿ, ಚಂದ್ರಮೌಳಿಯವರ ಮುಖ ನೋಡಿ, ಬೆರಳೆಣಿಸಿ, ನಿಲ್ಲಿಸಿದರು. ಐವತ್ತರಲ್ಲಿ ಹುಟ್ಟಿದವನಿಗೆ ಕೊರಿಯಾದ ಲೆಕ್ಕದಲ್ಲಿ ಆ ವರ್ಷ ಸರಿಯಾಗಿ ಐವತ್ತಾರು.

"ಯಾರನ್ನ ಮನೆಗೆ ಕಳಿಸ್ತಾರೆ?"

"ಯಾವಾಗ್ಲೂ ದೊಡ್ಡವರನ್ನ. ಅದಕ್ಕೊಂದು ಒಳ್ಳೇ ಹೆಸರಿಟ್ಟಿದ್ದಾರೆ. ಗೌರವ ನಿವೃತ್ತಿ."

ಜೀವಮಾನವಿಡೀ ಗೌರವ ಬೇಡಿದ ಚಂದ್ರಮೌಳಿಯವರು ಕಾರು ಹತ್ತಿ ಮನೆಗೆ ಬರುವಾಗ ತಮ್ಮ ಎಕ್ಸಿಟ್ ದಾಟಿ ಪಾಂಟಿಯಾಕ್ ತನಕ ಹೋಗಿದ್ದರು. ಮೈತ್ರೇಯಿ ಆ್ಯನ್ ಆರ್ಬರ್‌ನ ಯೂನಿವರ್ಸಿಟಿಗೆ ಸೇರುವ ವರ್ಷ ಅದು. ಐವತ್ತು ದಾಟಿದವನಿಗೆ ಡೆಟ್ರಾಯ್ಟ್ ಸೀಮೆಯಲ್ಲಿ ಇನ್ನೊಂದು ಕೆಲಸ ಸಿಗುವ ಕಾಲವಲ್ಲ. ನಮ್ಮ ಸಬ್‌ಡಿವಿಜನ್ನಿನಲ್ಲೇ ಆಗ ಮೂರು ಮನೆ ಮಾರಾಟಕ್ಕಿತ್ತು.

ಪದ್ಮಜಾ ಪೂರ್ತಿ ಕೇಳಿ, "ನಿಮ್ಮ ಪಾಸ್‌ಪೋರ್ಟಲ್ಲಿ ಐವತ್ತೆರಡಲ್ವಾ ಇರೋದು?" ಎಂದರು.

"ಕಾಗದ ಯಾರು ನೋಡ್ತಾರೆ? ನಾನೇ ಇಡೀ ಆಫೀಸಿಗೆ ಹೇಳ್ಕೊಂಡು ಬಂದಿದೀನಲ್ಲ, ಹುಲಿ ಹುಲಿ ಅಂತ."

"ಹಾಗಾದ್ರೆ ಇಲಿ ಅಂತ ಹೇಳಿ ಈಗ."

ಚಂದ್ರಮೌಳಿಯವರು ಮತ್ತೆ ಮೈಸೂರಿಗೆ ಫೋನ್ ಮಾಡಿದರು. ತಮ್ಮ ನೆನಪು ತಪ್ಪಿರಬಹುದು, ಅದು ಐವತ್ತೆರಡರ ಗೌರಿ ಹಬ್ಬವಿರಬಹುದು ಎಂದು ಅಕ್ಕ ಒಂದು ಮಾತು ಹೇಳಿದರೆ ಸಾಕು ಎಂದು ಬೇಡಿದರು.

"ಆ ಕಡುಬು ವಾಪಸ್ ಕೊಡು" ಎಂದರು ವಿಶಾಲಕ್ಕ. "ಆಮೇಲೆ ಐವತ್ತೆರಡಕ್ಕೆ ಹುಟ್ಟು."

ಇತ್ತ ಡೋರೀನ್ ಮಿಸ್ ಹಾ ಎದುರು ಕೂತು ಗಂಟೆಗಟ್ಟಲೆ ಪಾಠ ಮಾಡಿದ್ದಳು: ವಯಸ್ಸು ಕೇಳುವ ಹಾಗಿಲ್ಲ, ಊಹಿಸುವ ಹಾಗಿಲ್ಲ, ಹುಟ್ಟುಹಬ್ಬ ಎನ್ನುವ ಹಾಗೂ ಇಲ್ಲ. ಮಿಸ್ ಹಾ ವಿನಯದಿಂದ ತಲೆಯಾಡಿಸಿದಳು. "ಕೇಳೋದೇ ಬೇಡ. ಶುಕ್ರವಾರ ಎಲ್ಲರೂ ಒಟ್ಟಿಗೆ ಊಟ ಮಾಡೋಣ."

ಡೋರೀನ್‌ಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ. ಶಿನ್ ಮತ್ತು ಚಂದ್ರಮೌಳಿ ಮಾತ್ರ ಒಬ್ಬರ ಮುಖ ಒಬ್ಬರು ನೋಡಿದರು. ಕೊರಿಯಾದ ಊಟದ ಮೇಜಿನಲ್ಲಿ ವಯಸ್ಸನ್ನು ಕೇಳಬೇಕಾಗಿಯೇ ಇಲ್ಲ. ಯಾರು ಒಳಗೆ ಕೂತರು, ಯಾರು ಬಗ್ಗಿಸಿದರು, ಯಾರ ಚಮಚ ಮೊದಲು ಎದ್ದಿತು ಎಂದು ನೋಡುತ್ತಿದ್ದರೆ ಸಾಕು. ಅವತ್ತು ಹಿರಿಯನೆನಿಸಿಕೊಂಡವನಿಗೆ ಗೌರವ ನಿವೃತ್ತಿ.

ಶುಕ್ರವಾರ ಚಂದ್ರಮೌಳಿಯವರು ತಲೆಗೆ ಬಣ್ಣ ಹಚ್ಚಿಕೊಂಡು ಹೋದರು. ಹುಬ್ಬಿಗೂ ಹಚ್ಚಬೇಡಿ ಎಂದು ಪದ್ಮಜಾ ಹೇಳಿದ್ದನ್ನು ಕೇಳಿರಲಿಲ್ಲ. ಹೋಟೆಲಿನ ಬಾಗಿಲಲ್ಲಿ ನೋಡಿದರೆ ಶಿನ್ ಕೂಡ ಕಪ್ಪಗೆ ಮಿಂಚುತ್ತಿದ್ದಾರೆ. ಮುಂದಿನದನ್ನು ಪ್ರಕಾಶನ ಮಾತಿನಲ್ಲೇ ಕೇಳಬೇಕು:

"ಒಳಗೆ ಹೋಗ್ತಿದ್ದ ಹಾಗೇ ಇಬ್ಬರೂ ಬಾಗಿಲ ಹತ್ತಿರದ ಕುರ್ಚಿಗೆ ಓಡಿದ್ರು. ಒಂದೇ ಕುರ್ಚಿ, ಎರಡು ಜನ, ಅರ್ಧರ್ಧ ಕೂತಿದಾರೆ. ಸರ್ ಹೇಳ್ತಾರೆ, 'ಹ್ಯೊಂಗ್‌ನಿಮ್, ನೀವು ಒಳಗೆ.' ಶಿನ್ ಹೇಳ್ತಾರೆ, 'ಛೆ ಛೆ, ಹ್ಯೊಂಗ್‌ನಿಮ್, ನೀವು ಒಳಗೆ.' ಒಂದು ವರ್ಷದ ಮೇಲೆ ಸರ್‌ಗೆ ಬಗ್ಗಿಸಿದೋರು ಅವರು, ಹಾಗಾಗಿ ಅವರ ಕೈ ಬಾಟ್ಲಿ ಕಡೆ ತಾನಾಗೇ ಹೋಯ್ತು. ಸರ್ ಅದನ್ನ ಕಿತ್ಕೊಂಡ್ರು. ಆಮೇಲೆ ಇಬ್ಬರೂ ಒಂದೇ ಬಾಟ್ಲಿಯನ್ನ ನಾಲ್ಕು ಕೈಯಲ್ಲಿ ಹಿಡಿದು ಮಿಸ್ ಹಾ ಲೋಟಕ್ಕೆ ಬಗ್ಗಿಸಿದ್ರು. ಮೇಜುಬಟ್ಟೆಗೇ ಜಾಸ್ತಿ ಬಿತ್ತು."

ಒಳಗಿನ ಕುರ್ಚಿ ಖಾಲಿಯೇ ಉಳಿಯಿತು. ಟೋಫು ಹಾಕಿದ ಸಾರು ಕಲ್ಲಿನ ಪಾತ್ರೆಗಳಲ್ಲಿ ಕೊತಕೊತ ಕುದಿಯುತ್ತ ಬಂತು. ಚಂದ್ರಮೌಳಿಯವರಿಗೆ ಎಂದಿನಂತೆ ತರಕಾರಿ ಜೋಡಿಸಿದ ಅನ್ನ. ಎಲ್ಲರೂ ತೊಡೆಯ ಮೇಲೆ ಕೈಯಿಟ್ಟು ಕಾದರು. ಚಂದ್ರಮೌಳಿ ಶಿನ್ ಕಡೆ ನೋಡಿದರು. ಶಿನ್ ಚಂದ್ರಮೌಳಿಯವರ ಕಡೆ ನೋಡಿದರು. ಇಬ್ಬರ ಚಮಚಗಳೂ ಮೇಜಿನ ಮೇಲೆ ಹೊಳೆಯುತ್ತ ಬಿದ್ದಿದ್ದವು. ಮಿಸ್ ಹಾ ಮೇಲಧಿಕಾರಿಯೇ, ಆದರೆ ಅಪ್ಪನ ವಯಸ್ಸಿನವರ ಮುಂದೆ ಅವಳೂ ಚಮಚ ಮುಟ್ಟುವಂತಿಲ್ಲ. ಪದವಿಗಳನ್ನು ರದ್ದು ಮಾಡಿದ ಈಮೇಲಿನಲ್ಲಿ ಚಮಚದ ವಿಷಯ ಬರೆಯಲು ಯಾರಿಗೂ ಹೊಳೆದಿರಲಿಲ್ಲ.

ಸಾರಿನ ಕುದಿ ನಿಂತಿತು. ಹಬೆ ನಿಂತಿತು. ಡೋರೀನ್ ಇದೇನೋ ಪ್ರಾರ್ಥನೆ ಇರಬೇಕೆಂದು ಕಣ್ಣು ಮುಚ್ಚಿಕೊಂಡಳು. ಪ್ರಕಾಶ್ ಮೆಲ್ಲಗೆ ಕನ್ನಡದಲ್ಲಿ, "ಸರ್, ಬೆಳಿಗ್ಗೆ ಒಂದು ಬಾಳೆಹಣ್ಣು ತಿಂದಿದ್ದು ನಾನು" ಎಂದ. ಚಂದ್ರಮೌಳಿಯವರು, "ನನಗೆ ಮಗಳ ಕಾಲೇಜಿದೆಯೋ" ಎಂದು ಪಿಸುಗುಟ್ಟಿದರು. ಶಿನ್‌ಗೆ ಕನ್ನಡ ಬರುವುದಿಲ್ಲ. ಆದರೆ ಕಾಲೇಜು ಎಂಬುದು ತಿಳಿಯದ ಕೊರಿಯಾದವರಿಲ್ಲ.

ಅಷ್ಟರಲ್ಲಿ ಹೋಟೆಲಿನ ಮಾಲೀಕಿ, ಎಪ್ಪತ್ತು ದಾಟಿದ ಅಜ್ಜಿ, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಮುಟ್ಟದ ಪಾತ್ರೆಗಳನ್ನು ನೋಡಿದಳು, ಖಾಲಿ ಕುರ್ಚಿ ನೋಡಿದಳು, ಕಪ್ಪು ತಲೆಗಳೆರಡನ್ನೂ ನೋಡಿದಳು. ಕೊರಿಯನ್ನಿನಲ್ಲಿ ಏನೋ ಸಿಡುಕಿದಳು. ಮಿಸ್ ಹಾ ಕೆಂಪಾದಳು. ಅಜ್ಜಿ ಕೇಳಿದ್ದು ಇಷ್ಟೇ ಎಂದು ಆಮೇಲೆ ತಿಳಿಯಿತು: "ಇಷ್ಟು ಜನರಲ್ಲಿ ದೊಡ್ಡವರು ಅಂತ ಒಬ್ಬರೂ ಇಲ್ವಾ?"

ಶಿನ್ ಎದ್ದರು. ಅರ್ಧ ಕುರ್ಚಿ ಬಿಟ್ಟು, ಮೇಜು ಸುತ್ತಿ ಹೋಗಿ, ಒಳಗಿನ ಕುರ್ಚಿಯಲ್ಲಿ ಕೂತರು. ಕೋಟಿನ ಗುಂಡಿ ಬಿಚ್ಚಿದರು. ಚಮಚ ಎತ್ತಿ ತಣ್ಣಗಾದ ಸಾರನ್ನು ಒಮ್ಮೆ ಬಾಯಿಗೆ ಹಾಕಿಕೊಂಡು, "ಊಟ ಮಾಡಿ, ಎಲ್ಲ ಊಟ ಮಾಡಿ" ಎಂದರು. ಹನ್ನೆರಡು ಚಮಚಗಳು ಒಟ್ಟಿಗೆ ಎದ್ದವು. ಹದಿಮೂರನೆಯದು ಏಳಲಿಲ್ಲ. ಚಂದ್ರಮೌಳಿಯವರು ಬಾಟಲಿ ತೆಗೆದುಕೊಂಡು ಹೋಗಿ, ಎರಡೂ ಕೈಯಲ್ಲಿ ಹಿಡಿದು, ಒಂದು ಹನಿ ಚೆಲ್ಲದೆ ಶಿನ್ ಲೋಟಕ್ಕೆ ಬಗ್ಗಿಸಿ ಬಂದು ಕೂತರು. ಆಮೇಲೆ ಅವರು ಏನು ತಿಂದರೆಂದು ಅವರಿಗೆ ನೆನಪಿಲ್ಲ. ಪ್ರಕಾಶನಿಗೆ ನೆನಪಿದೆ. ಅವರ ಅನ್ನವನ್ನೂ ಅವನೇ ಮುಗಿಸಿದ.

ಸೋಮವಾರ ಬೆಳಿಗ್ಗೆ ಚಂದ್ರಮೌಳಿಯವರು ಮಿಸ್ ಹಾ ಕೋಣೆಗೆ ಹೋದರು. ಶನಿವಾರ, ಭಾನುವಾರ ಗ್ಯಾರೇಜಿನಲ್ಲಿ ನಿಂತು ಲಾನ್‌ಮೋವರ್ ಮುಂದೆ ಅಭ್ಯಾಸ ಮಾಡಿದ್ದರು. ಡೋರೀನ್ ಅಲ್ಲೇ ಕೂತಿದ್ದಳು.

"ಶುಕ್ರವಾರ ಒಂದು ತಪ್ಪಾಯ್ತು. ಮಿಸ್ಟರ್ ಶಿನ್ ನನಗಿಂತ ದೊಡ್ಡವರಲ್ಲ. ನಾನು ಹುಟ್ಟಿದ್ದು..."

"ಸ್ಟಾಪ್" ಎಂದಳು ಡೋರೀನ್.

"ಇಸವಿ ಹೇಳಲ್ಲ. ಗೌರಿ ಹಬ್ಬ ಅಂತ ಒಂದಿದೆ, ಅವತ್ತು..."

"ಅದೂ ವಯಸ್ಸೇ."

"ಹುಲಿ" ಎಂದರು ಚಂದ್ರಮೌಳಿ, ಕೊನೆಯ ಪ್ರಯತ್ನವಾಗಿ.

ಡೋರೀನ್‌ಗೆ ಹುಲಿಯಲ್ಲಿ ಆಕ್ಷೇಪಣೆ ಕಾಣಲಿಲ್ಲ. ಮಿಸ್ ಹಾ ಮಾತ್ರ ತಲೆ ತಗ್ಗಿಸಿದಳು. "ಚಂದ್ರನಿಮ್, ನನಗೆ ಕೇಳಿಸಲಿಲ್ಲ" ಎಂದಳು. ಎದುರಿಗಿದ್ದ ಫೈಲು ಮುಚ್ಚಿ, "ಶಿನ್‌ನಿಮ್ ಥರ ನಮ್ಮಪ್ಪನೂ ಮೊಲ. ಮೂರು ವರ್ಷದ ಹಿಂದೆ ಗೌರವವಾಗಿ ಕಳಿಸಿದ್ರು. ಈಗಲೂ ಬೆಳಿಗ್ಗೆ ಟೈ ಕಟ್ಕೊಂಡು ಗುಡ್ಡ ಹತ್ತೋಕೆ ಹೋಗ್ತಾರೆ, ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಅಂತ" ಎಂದಳು. ಮತ್ತೆ, "ಹೊಸ ಟೀಮಿನ ಮೀಟಿಂಗ್ ಹತ್ತು ಗಂಟೆಗೆ. ನೀವೇ ನಡೆಸಬೇಕು."

ಜೂನ್‌ನಲ್ಲಿ ಶಾಲೆ ಮುಗಿಯುವ ಮುಂಚೆಯೇ ಶಿನ್ ಹೊರಟರು. ಹೆಂಡತಿ ಮಕ್ಕಳು ಓದಿಗಾಗಿ ಟ್ರಾಯ್‌ನಲ್ಲೇ ಉಳಿದರು. ಹಾಗೆ ಸಂಸಾರವನ್ನು ಸಮುದ್ರದ ಆಚೆ ಬಿಟ್ಟು ಒಂಟಿಯಾಗಿ ದುಡಿಯುವವರಿಗೆ ಅಲ್ಲಿ ಕಾಡುಬಾತು ಅಪ್ಪ ಎನ್ನುತ್ತಾರಂತೆ, ವರ್ಷಕ್ಕೊಮ್ಮೆ ಹಾರಿಬಂದು ಹೋಗುವುದರಿಂದ. ಏರ್‌ಪೋರ್ಟಿಗೆ ಡ್ರೈವ್ ಮಾಡಿದ್ದು ಚಂದ್ರಮೌಳಿಯವರೇ.

"ನೀವ್ಯಾಕೆ ಚಮಚ ಎತ್ತಿದ್ರಿ?" ಎಂದು ಐ-275 ಹೆದ್ದಾರಿಯಲ್ಲಿ ಇವರು ಕೇಳಿದರು.

ಶಿನ್ ಕಿಟಕಿಯಾಚೆ ನೋಡುತ್ತ, "ಸಾರು ಆರ್ತಾ ಇತ್ತು" ಎಂದರು.

ಅವರೀಗ ಇಂಚಿಯಾನ್‌ನಲ್ಲಿ ಒಂದು ಫ್ರೈಡ್ ಚಿಕನ್ ಅಂಗಡಿ ಇಟ್ಟಿದ್ದಾರೆ. ಕಂಪನಿಗಳಿಂದ ಗೌರವ ಪಡೆದು ಬಂದವರೆಲ್ಲ ಅದನ್ನೇ ಇಟ್ಟಿದ್ದರಿಂದ ಅವರ ಬೀದಿಯಲ್ಲಿ ಅಂಥವು ಐದಿವೆಯಂತೆ. ಪ್ರತಿ ಭಾನುವಾರ ಫೋನಿನಲ್ಲಿ ಚಂದ್ರಮೌಳಿಯವರು, ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದವರು, ಕೋಳಿ ವ್ಯಾಪಾರದ ಬಗ್ಗೆ ಸಲಹೆ ಕೊಡುತ್ತಾರೆ. ಅಂಗಡಿಯ ಬಾಗಿಲು ಗಾಳಿಗೆ ಧಡಾರೆಂದು ಬಡಿದು ಗಿರಾಕಿಗಳು ಬೆಚ್ಚುತ್ತಾರೆಂದು ಶಿನ್ ಹೇಳಿದಾಗ, ತಾವೇ ಒಂದು ಕೀಲು ಡಿಸೈನ್ ಮಾಡಿ ಪಾರ್ಸೆಲ್ ಕಳಿಸಿದರು. ಆ ಬೀದಿಯಲ್ಲಿ ಸದ್ದಿಲ್ಲದೆ ಮುಚ್ಚುವ ಬಾಗಿಲು ಅದೊಂದೇ ಅಂತೆ. ಶಿನ್ ಸಂಸಾರದ ಹಳೇ ವ್ಯಾನನ್ನು ಚಳಿಗಾಲಕ್ಕೆ ಮುಂಚೆ ನಜೀಬ್ ಅಂಗಡಿಗೆ ಒಯ್ಯುವುದೂ ಇವರೇ. "ನಿಮ್ಮಣ್ಣಾರ ಗಾಡಿ ಬಂತಲ್ರೀ" ಎನ್ನುತ್ತಾರೆ ನಜೀಬ್. ಚಂದ್ರಮೌಳಿಯವರು ಹೂಂ ಎನ್ನುತ್ತಾರೆ.

ಮೈತ್ರೇಯಿ ಆ್ಯನ್ ಆರ್ಬರ್ ಮುಗಿಸಿದಳು. ಕೂಟದಲ್ಲಿ ದೀಪ ಬೆಳಗುವಾಗ ಚಂದ್ರಮೌಳಿಯವರು ಈಗಲೂ ಬೆಂಕಿಪೊಟ್ಟಣದ ಪಕ್ಕದಲ್ಲೇ ನಿಲ್ಲುತ್ತಾರೆ. ಒಮ್ಮೆಗೇ ಎಲ್ಲ ಬಿಡುವುದು ಯಾರಿಗೂ ಆಗುವುದಿಲ್ಲ.

ಹೋದ ತಿಂಗಳು, 2009ರ ದೀಪಾವಳಿಗೆ, ನಾವೆಲ್ಲ ಅವರ ಮನೆಯಲ್ಲಿದ್ದೆವು. ಪದ್ಮಜಾ ಕ್ಯಾಲೆಂಡರ್ ತೆಗೆದರು. "ಬರೋ ಭಾದ್ರಪದಕ್ಕೆ ಇವರಿಗೆ ಅರವತ್ತು ತುಂಬುತ್ತೆ. ಷಷ್ಟ್ಯಬ್ದಿಗೆ ದೇವಸ್ಥಾನದ ಹಾಲ್ ಈಗ್ಲೇ ಬುಕ್ ಮಾಡ್ಬೇಕು."

"ಬೇಡ" ಎಂದರು ಚಂದ್ರಮೌಳಿ. ತಮ್ಮ ಮೇಲೆ ಆರತಿ ಎತ್ತುವ ಒಂದು ಸಂದರ್ಭವನ್ನು ಅವರು ಬೇಡವೆಂದದ್ದು ಯಾರೂ ಕೇಳಿರಲಿಲ್ಲ. "2011ರ ಕೊನೆಗೆ ಮಾಡೋಣ."

"ಅಷ್ಟೊತ್ತಿಗೆ ಅರವತ್ತೊಂದು ದಾಟಿರತ್ತೆ. ಯಾಕೆ?"

"ಅಣ್ಣಂದು 2011ಕ್ಕೆ. ಅದಾಗದೆ ನಂದು ಹೇಗೆ ಮಾಡೋದು?"

"ಯಾವ ಅಣ್ಣ? ನಿಮಗಿರೋದು ಅಕ್ಕ."

ಚಂದ್ರಮೌಳಿಯವರು ಕ್ಯಾಲೆಂಡರ್ ಮಡಿಸಿಟ್ಟರು. ಪದ್ಮಜಾ ಸೋಲುವವರಲ್ಲ, ಅಲ್ಲೇ ಮೈಸೂರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ವಿಶಾಲಕ್ಕನಿಗೆ ದೂರು ಕೊಟ್ಟರು. ಆ ಕಡೆ ಪಟಾಕಿ ಸದ್ದು ಕೇಳಿಸುತ್ತಿತ್ತು.

"ಹುಟ್ಟಿದಾಗ ನಮ್ಮನೆ ಹಬ್ಬ ನಿಲ್ಲಿಸ್ದ" ಎಂದರು ಅಕ್ಕ. "ಈಗ ತನ್ನದನ್ನೇ ನಿಲ್ಲಿಸ್ಕೊಂಡಿದಾನೆ. ಇರಲಿ ಬಿಡು ಪದ್ಮ. ಆ ಅಣ್ಣ ಅನ್ನೋರು ಬಂದಾಗ ಹೇಳು, ಕಡುಬು ನಾನು ಮಾಡ್ಕೊಡ್ತೀನಿ."